ನಂಬರಿಲ್ಲದ ಅಂಗಿ

ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ತಂಗೀ,

ನಾವಿಬ್ಬರೂ ಉಸಿರಾಡಿಕೊಂಡಿದ್ದೇವೆ, ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯದೆ ಕೂತವನು ನಾನು, ಎಷ್ಟು ಬೇಕಾದರೂ ಬೈದುಕೋ. ಮೂರರಲ್ಲೂ ಒಂದೇ ಪ್ರಶ್ನೆ: "ಅಣ್ಣಾ, ನನ್ನ ಮಗನನ್ನು ಹೊಡೆದವನು ಯಾರು?"

ಕೇಳು ಹಾಗಾದರೆ! ಅವತ್ತು ಮಟಮಟ ಮಧ್ಯಾಹ್ನ. ನಿನ್ನ ಮಗ, ನಮ್ಮ ಉದ್ದಣ್ಣ, ಬಸ್ಸನ್ನು ಡಿಪೋದಲ್ಲಿ ಬಿಟ್ಟು ಬಂದು, ಊಟಕ್ಕೆ ಕರೆದುಕೊಂಡು ಹೋಗಲು ನನ್ನ ಹೊಲಿಗೆ ಅಂಗಡಿಯ ಮುಂದೆ ಕಾಯುತ್ತಿದ್ದ. ಬಂದರು ನೋಡು ಪೊಲೀಸರು, ಮೂವರು! ಹೆಲ್ಮೆಟ್ಟಿನ ಗಾಜು ಮುಖದ ಮೇಲೆ. ಎದೆಯ ಮೇಲಿನ ನಂಬರ್ ಪಟ್ಟಿ ಮಾಯ! ಆ ಠಾಣೆಯಲ್ಲಿ ನಮ್ಮ ಬಣ್ಣದವನು ಒಬ್ಬನೂ ಇಲ್ಲವೆಂಬುದು ನಿನಗೆ ಗೊತ್ತೇ ಇದೆ.

"ಏ ಕರಿಯಾ, ಇಲ್ಲೇನೋ ನಿಂದು ಕೆಲಸ?"

"ನಮ್ಮಾವನ್ನ ಕಾಯ್ತಿದ್ದೀನಿ ಸಾರ್."

"ಪಕ್ಕದ ಬೀದೀಲಿ ಪರ್ಸ್ ಕಿತ್ಕೊಂಡು ಓಡಿದೋನೂ ನಿನ್ನ ಹಾಗೇ ಕಪ್ಪಗಿದ್ನಂತೆ."

ನಿನ್ನ ಮಗನ ನಾಲಿಗೆ ಸುಮ್ಮನಿರುತ್ತದೆಯೇ? "ಹಾಗಾದ್ರೆ ಲಾರಿ ತರಿಸಿ ಸಾರ್, ಇಡೀ ಬೀದೀನೇ ಹತ್ತಿಸ್ಬೇಕಾಗುತ್ತೆ!" ಎಂದುಬಿಟ್ಟ. ಹಣ್ಣಿನ ಗಾಡಿಯವಳು ಕಿಸಕ್ಕನೆ ನಕ್ಕಳು. ಆ ನಗುವೇ ಮುಳುವಾಯಿತು. ಇಬ್ಬರು ಹಿಡಿದುಕೊಂಡರು, ಒಬ್ಬ ಲಾಠಿ ಎತ್ತಿದ. ನಾನು ಕತ್ತರಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ನಿಂತೇ ಇದ್ದೆ.

ಅವನ ಬಲಗಿವಿ ಇನ್ನು ಕೇಳಿಸುವುದಿಲ್ಲವಂತೆ. ಡಿಪೋದವರು ಸ್ಟೇರಿಂಗ್ ಬಿಡಿಸಿ ಬಸ್ಸು ತೊಳೆಯಲು ಹಾಕಿದ್ದಾರೆ.

ಹೋದ ವಾರ ವಿಚಾರಣೆ ನಡೆಯಿತು. ಅವತ್ತು ಗಸ್ತಿಗೆ ಹೋಗಿದ್ದವರು ಹನ್ನೊಂದು ಜನ. ಹನ್ನೊಂದು ಜನವೂ ಸಾಲಾಗಿ ನಾನು ಹೊಲಿದ ಯೂನಿಫಾರ್ಮಿನೊಳಗೇ ಕೂತಿದ್ದರು! ನಮ್ಮ ಬೀದಿಗೆ ಬಂದವನು ಮಾತ್ರ ಅವರಲ್ಲಿ ಒಬ್ಬನೂ ಇಲ್ಲವಂತೆ! ಮೇಲಧಿಕಾರಿ ಹಣ್ಣಿನವಳನ್ನು ಕೇಳಿದ: "ನಂಬರ್ ಇಲ್ಲ, ಮುಖ ನೋಡಿಲ್ಲ. ಯಾರ ಮೇಲೆ ಅಂತ ಕ್ರಮ ತಗೊಳ್ಳಲಿ ತಾಯೀ?"

ಅವಳು ಸೊಂಟಕ್ಕೆ ಕೈಯಿಟ್ಟು ಗುಡುಗಿದಳು: "ಹನ್ನೊಂದು ಜನದಲ್ಲಿ ಮೂವರು ಅಂದ್ರೆ ನಿಮ್ಗೆ ಸಾಲ್ದು. ನಮ್ಮೋರಾದ್ರೆ ಕಪ್ಪಗಿದ್ರೆ ಸಾಕು, ಅಲ್ವಾ ಸಾರ್?"

ತಿಂಗಳ ಕೊನೆಯೊಳಗೆ ಗುರುತು ಹಿಡಿಯುವ ಸಾಕ್ಷಿ ಸಿಗದಿದ್ದರೆ ಫೈಲು ಮುಚ್ಚುತ್ತಾರೆ.

ನೀನು ಹೊತ್ತು ಹೊತ್ತಿಗೆ ಊಟ ಮಾಡು. ನಿನಗೂ ನಿನ್ನ ಮನೆಗೂ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಣ್ಣ

ಮರೆತ ಮಾತು: ಮರೆತದ್ದಲ್ಲ, ತಂಗೀ. ವಿಚಾರಣೆಯಲ್ಲಿ ನನ್ನನ್ನೂ ಕೇಳಿದರು. "ಗುರುತು ಸಿಗಲಿಲ್ಲ" ಎಂದೆ. ಸುಳ್ಳು. ಆ ಹನ್ನೊಂದು ಜನರಲ್ಲಿ ಒಬ್ಬನ ಬಲಭುಜ ಒಂದಿಂಚು ತಗ್ಗು. ಯಾರಿಗೂ ಕಾಣಿಸದಂತೆ ಒಳಗೆ ಹತ್ತಿಯ ಮೆತ್ತೆ ಇಟ್ಟು ಹೊಲಿದುಕೊಟ್ಟವನು ನಾನು. ಲಾಠಿ ಎತ್ತಿದಾಗ ಆ ಮೆತ್ತೆ ಕತ್ತಿನವರೆಗೆ ಸರಿಯಿತು. ಮೊದಲ ಏಟು ಬೀಳುವ ಮುಂಚೆಯೇ ನನಗೆ ಅವನ ಹೆಸರು ಗೊತ್ತಿತ್ತು! ಹೆಸರು ಹಿಡಿದು ಕೂಗಿದ್ದರೆ ಕೈ ತಡೆಯುತ್ತಿದ್ದನೇನೋ. ಹೆದರಿದೆ.

ಅವನ ಅಳತೆ ಬರೆದ ಹಾಳೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಹೆಸರು ಅದರಲ್ಲೇ ಇದೆ. ನಮ್ಮ ಕೇಸಿನ ವಕೀಲರಿಗೆ ಕೊಡು. ಕರೆದಲ್ಲಿಗೆ ಬಂದು ಹೇಳುತ್ತೇನೆ. ಆದರೆ ಉದ್ದಣ್ಣನಿಗೆ ನೀನೇ ತಿಳಿಸು, ನನ್ನಿಂದಾಗದು. ವಿಚಾರಿಸಲು ಬಂದವರಿಗೆಲ್ಲ ಅವನು ಇವತ್ತಿಗೂ ಹೇಳುತ್ತಾನೆ: "ನಮ್ಮಾವನ್ನ ಏನೂ ಅನ್ಬೇಡಿ. ಗೊತ್ತಿದ್ದಿದ್ರೆ ಅವ್ರು ಬಿಡ್ತಿದ್ರಾ?"