ತಟ್ಟಿ ಬರುವ ಪಾಠ

ಮಗಳೇ,

ನಾನೀಗ ಇಂಗ್ಲಿಷ್ ಕಲಿಯುತ್ತಿದ್ದೇನೆ, ನಗಬೇಡ. ಹೇಗೂ ಈ ಕಾಗದ ನಿನ್ನ ಕೈಸೇರುವುದಿಲ್ಲ. ವಿಳಾಸ ಕೊಡದೆ ಹೋದವಳು ನೀನು.

ಹೋಟೆಲಿನಲ್ಲಿ ರೂಮು ಗುಡಿಸುವವರೆಲ್ಲ ಕಲಿಯಲೇಬೇಕೆಂದು ಮ್ಯಾನೇಜರನ ಕಟ್ಟಪ್ಪಣೆ. ಹಾಸಿಗೆ ಬಟ್ಟೆ ಜೋಡಿಸಿಡುವ ಕೋಣೆಯಲ್ಲೇ ಪಾಠ. ಟೀಚರಮ್ಮನಿಗೆ ನಿನ್ನದೇ ವಯಸ್ಸು. ಮೊದಲು ಕ್ರಿಯಾಪದಕ್ಕೆಲ್ಲ 'ಟು' ಅಂಟಿಸಿದಳು: ಟು ಕಮ್, ಟು ಗೋ, ಟು ವೇಟ್. ಅದು ಬಾಯಿಗೆ ಹತ್ತಿತು ಅನ್ನುವಷ್ಟರಲ್ಲಿ ಕ್ಯಾನ್, ಮಸ್ಟ್, ಮೇ ಬಂದವು. ಇವತ್ತು ನನ್ನನ್ನು ಬಾಗಿಲಾಚೆ ನಿಲ್ಲಿಸಿದಳು.

"ಮೇ ಐ ಟು ಕಮ್ ಇನ್?" ಅಂದೆ. ಬಟ್ಟೆ ಇಡಲು ಬಂದಿದ್ದ ಇಸ್ತ್ರಿಯವನು ಹಲ್ಲು ಕಿರಿದ.

"ಮೇ ಬಂದ್ಮೇಲೆ ಟು ಬೇಡಮ್ಮಾ. ಇನ್ನೊಂದ್ಸಲ ತಟ್ಟಿ, ಕೇಳಿ, ಸ್ವಲ್ಪ ಕಾದು ನೋಡಿ."

"ಉತ್ತರ ಬರದಿದ್ರೆ?"

"ರೂಮು ಖಾಲಿ ಅಂತ. ಕೀ ಹಾಕಿ ಒಳಗೆ ಹೋಗಿ."

ಅಷ್ಟು ನನಗೆ ಗೊತ್ತಿಲ್ಲವೇ?

"ತಟ್ಟಿ ಬಾ ಅಂದ್ರೆ ನಿಂಗೆ ಅರ್ಥ ಆಗಲ್ವಾಮ್ಮಾ?" ಎಂದು, ನಾನು ನಿನ್ನ ಕೋಣೆಗೆ ನುಗ್ಗಿದಾಗಲೆಲ್ಲ ನೀನು ಕೂಗಾಡುತ್ತಿದ್ದೆ. "ದಿನವಿಡೀ ಕಂಡವರ ಬಾಗಿಲು ತಟ್ತೀನಿ. ನನ್ನ ಮನೇಲೂ ತಟ್ಬೇಕಾ?" ಎಂದು ನಾನು.

ಸಂಜೆ ಮನೆಗೆ ಬಂದು, ರಾತ್ರಿಗೆ ಹೊದಿಕೆ ತೆಗೆದುಕೊಳ್ಳಲು ನಿನ್ನ ಕೋಣೆಗೆ ಹೊರಟೆ. ಕೈ ತಾನಾಗಿಯೇ ಬಾಗಿಲು ತಟ್ಟಿತು. "ಮೇ ಐ ಕಮ್ ಇನ್?" ಒಂದೂ ತಪ್ಪಿಲ್ಲದೆ ಬಂತು. ಕಾದೆ. ಉತ್ತರ ಬರಲಿಲ್ಲ.

ಹೋಟೆಲಾಗಿದ್ದರೆ ಒಳಗೆ ಹೋಗುತ್ತಿದ್ದೆ. ಇಲ್ಲಿ ಹೋಗಲಿಲ್ಲ. ಇವತ್ತು ಹೊದಿಕೆಯಿಲ್ಲದೆಯೇ ಮಲಗುತ್ತೇನೆ. ಅಂಥ ಚಳಿಯೇನೂ ಇಲ್ಲ.