ಉಡಿ ತುಂಬುವ ಹೊತ್ತಿಗೆ ನಿಮ್ಮ ಯಂತ್ರ ಮಲಗಿತ್ತು

ವೇಗದ ಚಾರ್ಜಿಂಗ್ ಜಾಲದ ಮಾನ್ಯ ಮುಖ್ಯಾಧಿಕಾರಿಗಳೇ,

ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗುವ ಹೆದ್ದಾರಿಯಲ್ಲಿ ನಿಮ್ಮ ಯಂತ್ರವೊಂದು ಥಂಡಿಗೆ ಮುದುಡಿ ಮಲಗಿದ್ದರಿಂದ ನನ್ನ ತಂಗಿಯ ಕುಬಸ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ನಡೆಯಲಿಲ್ಲ. ನನ್ನ ದೂರು ಇಷ್ಟೇ. ಇದನ್ನು ಇಂಗ್ಲಿಷಿನಲ್ಲಿ ಬರೆದಾಗ ನಿಮ್ಮ ಕಂಪ್ಯೂಟರು ‘ನಿಮ್ಮ ಅನುಭವ ನಮಗೆ ಅಮೂಲ್ಯ’ ಎಂದು ತಾನೇ ಉತ್ತರಿಸಿ ಕೈತೊಳೆದುಕೊಂಡಿತು. ಹಾಗಾಗಿ ಈಗ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ಓದುವವರು ಇದ್ದಾರೆ.

ಕುಬಸವೆಂದರೆ ನಿಮಗೆ ತಿಳಿಯದು. ನಮ್ಮ ಧಾರವಾಡದ ಕಡೆ ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುತ್ತಾರೆ. ಅದು ತಾಯಿಯ ಕೈಯಿಂದಲೇ ಆಗಬೇಕು. ನಮ್ಮವ್ವ ಗಿರಿಜವ್ವನ ವೀಸಾ ಮುಗಿಯುತ್ತ ಬಂದಿತ್ತು, ಮಗಳ ಹೆರಿಗೆಗೆ ಅವಳು ಇಲ್ಲಿರುವುದಿಲ್ಲ. ಆಷಾಢ ಹಿಡಿಯುವ ಮುಂಚೆ ಉಳಿದಿದ್ದು ಈ ಜೂನ್ ತಿಂಗಳ ಒಂದು ಭಾನುವಾರ. ಹೋಳಿಗೆ ಡಬ್ಬಿ, ಉಡಿ ಸಾಮಾನು, ಬುತ್ತಿ ಎಲ್ಲ ಸಾಗಿಸಲು ನನ್ನ ವಿದ್ಯುತ್ ಕಾರೇ ವಾಸಿ ಎಂದು ಅವ್ವ, ನಾನು ಶನಿವಾರವೇ ಸಿಡ್ನಿಯ ರೌಸ್ ಹಿಲ್‌ನಿಂದ ಹೊರಟೆವು. ಈ ದೇಶದಲ್ಲಿ ಚಳಿಗಾಲ ಜೂನ್‌ನಲ್ಲಿ ಬರುತ್ತದೆಂಬ ಸುದ್ದಿ ನಿಮ್ಮ ಕಚೇರಿಗೆ ಇನ್ನೂ ತಲುಪಿಲ್ಲವೇ? ಹೀಟರ್ ಹಾಕಿದರೆ ಬ್ಯಾಟರಿ ಇಳಿಯುತ್ತದೆ, ಆರಿಸಿದರೆ ನಾವು ನಡುಗುತ್ತೇವೆ. ಅವ್ವ ಕೌದಿ ಹೊದ್ದು ಕೂತು, ‘ಇದು ಕಾರೋ, ಫ್ರಿಜ್ಜೋ?’ ಎಂದು ಕೇಳುತ್ತಿದ್ದಳು.

ರಾತ್ರಿ ದಾರಿಯಲ್ಲಿ ಉಳಿದು, ಭಾನುವಾರ ಮಧ್ಯಾಹ್ನ, ಮೆಲ್ಬರ್ನ್ ಇನ್ನೆರಡು ತಾಸಿನ ದಾರಿ ಇರುವಾಗ, ಬರಿದಾಗುತ್ತ ಬಂದ ಬ್ಯಾಟರಿಯೊಂದಿಗೆ ನಿಮ್ಮ ನಿಲ್ದಾಣಕ್ಕೆ ಬಂದೆವು. ಯಂತ್ರ ಎರಡು, ಕೆಲಸ ಮಾಡುತ್ತಿದ್ದದ್ದು ಒಂದು. ಆಪ್‌ನಲ್ಲಿ ಮಾತ್ರ ಎರಡೂ ಹಸಿರಾಗಿ ನಗುತ್ತಿದ್ದವು. ನಮ್ಮ ಪಾಳಿ ಬರುವಷ್ಟರಲ್ಲಿ ಹಿಂದಿನ ಕಾರಿನಿಂದ ಎಳೆಗೂಸು ಎತ್ತಿಕೊಂಡು ಒಬ್ಬಳು ಇಳಿದಳು. ಅವ್ವ ನನ್ನ ತೋಳು ಹಿಡಿದಳು.

“ಸಂಜು, ಪಾಪ ಹಸಿ ಬಾಣಂತಿ ಅದಾಳ. ಕುಬಸಕ್ಕ ಹೊಂಟವ್ರು ನಾವು, ಬಾಣಂತೀನ ಥಂಡ್ಯಾಗ ನಿಲ್ಲಿಸಿ ಹೋಗೂದೇನು? ಆಕೀದ ಮೊದಲ ಆಗ್ಲಿ.”

ಬಿಟ್ಟುಕೊಟ್ಟೆ. ಆಕೆ ಹೋದಳು, ನಾನು ವಯರು ಸಿಕ್ಕಿಸಿ ಆಪ್‌ನಲ್ಲಿ ಶುರು ಒತ್ತಿದ್ದೇ ತಡ, ನಿಮ್ಮ ಯಂತ್ರ ಕಣ್ಣು ಮುಚ್ಚಿತು. ಸಹಾಯವಾಣಿಯವರು ಯಂತ್ರವನ್ನು ಆರಿಸಿ ಹಚ್ಚಿ ನೋಡಿ ಎಂದರು. ಆರಿಸುವ ಗುಂಡಿ ಎಲ್ಲಿದೆ ಎಂದು ಕೇಳಿದರೆ ಅದು ಗ್ರಾಹಕರಿಗಿಲ್ಲ ಎಂದರು! ಈ ವಿವೇಕಕ್ಕೆ ಪ್ರತ್ಯೇಕ ತರಬೇತಿ ಕೊಡುತ್ತೀರೋ, ಹುಟ್ಟಿನಿಂದಲೇ ಬಂದಿರುತ್ತದೋ?

ಬಾಕ್ಸ್ ಹಿಲ್‌ನಲ್ಲಿ ಮನೆ ತುಂಬ ಜನ. ಸಂಜೆಯ ರಾಹುಕಾಲ ಹತ್ತಿರವಾಗುತ್ತಿತ್ತು. ಫೋನಿನಲ್ಲಿ ತಂಗಿ ಶ್ರೀದೇವಿಗೆ ಅವ್ವ, “ನಿಮ್ಮತ್ತಿ ಕೈಲೇ ತುಂಬಿಸ್ಕೋ, ಚಿಂತಿ ಮಾಡಬ್ಯಾಡ” ಎಂದಳು. ಫೋನಿಟ್ಟ ಮೇಲೆ ಉಡಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯತ್ತ ಮುಖ ತಿರುಗಿಸಿದಳು.

ಶ್ರೀದೇವಿ ಕೇಳಲಿಲ್ಲ. ಬಂದವರನ್ನು ಊಟಕ್ಕೆ ಕೂರಿಸಿ, ಹಸಿರು ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು, ಗಂಡನ ಹಳೆಯ ಪೆಟ್ರೋಲ್ ಕಾರಿನಲ್ಲಿ ರಾಹುಕಾಲ ಕಳೆಯುವ ಹೊತ್ತಿಗೆ ಬಂದೇಬಿಟ್ಟಳು. ಹೌದು ಮಾನ್ಯರೇ, ಪೆಟ್ರೋಲ್. ನಿಮ್ಮ ಜಾಹೀರಾತಿಗೆ ಈ ವಾಕ್ಯ ಬೇಡವಾದರೆ ಬಿಟ್ಟುಬಿಡಿ.

“ಇಷ್ಟ್ ದೂರ ಯಾಕ ಬಂದಿ?” ಎಂದು ಅವ್ವ ಬೈದಳು.

“ನೀ ಸಿಡ್ನಿಯಿಂದ ಬಂದೀಯಲ್ಲ ಮತ್ತ,” ಎಂದಳು ತಂಗಿ.

ಸತ್ತ ಯಂತ್ರದ ಪಕ್ಕ, ಜಿಟಿಜಿಟಿ ಮಳೆಯಲ್ಲಿ, ಅವಳು ಸೆರಗೊಡ್ಡಿ ನಿಂತಳು. ಥಂಡಿಗೆ ಸೆಡೆತ ಬೆರಳುಗಳಿಂದ ಅವ್ವ ಅಕ್ಕಿ ಹಾಕಿದಳು. ಇಬ್ಬರೂ ಅತ್ತರು. ಛತ್ರಿ ಹಿಡಿದಿದ್ದ ನಾನೂ ಅತ್ತೆ, ಯಾಕೆ ಮುಚ್ಚಿಡಲಿ. ಆಮೇಲೆ ಅವರಿಬ್ಬರೂ ಬಾಕ್ಸ್ ಹಿಲ್‌ಗೆ ಹೋದರು, ನಾನು ಕಾರು ಎಳೆದೊಯ್ಯುವ ಟೋ ಟ್ರಕ್ ಕಾಯುತ್ತ ಹೋಳಿಗೆ ತಿಂದೆ.

ಯಂತ್ರ ಕೆಡುವುದು ಸಹಜ. ಆದರೆ ಕೆಟ್ಟಿದೆ ಎಂದು ಆಪ್‌ನಲ್ಲಿ ಒಪ್ಪಿಕೊಳ್ಳಿ. ಫೋನೆತ್ತಲು ಆ ಯಂತ್ರವನ್ನು ಕಣ್ಣಾರೆ ಕಂಡ ಒಬ್ಬ ಮನುಷ್ಯನನ್ನು ಇಡಿ. ಮುಖ್ಯವಾಗಿ, ಪ್ರತಿ ನಿಲ್ದಾಣಕ್ಕೂ ಒಂದು ಬೆಂಚು, ಒಂದು ಚಾವಣಿ ಹಾಕಿಸಿ. ನಮ್ಮವ್ವ ಮಗಳ ಉಡಿ ತುಂಬುವಾಗ ಛತ್ರಿ ಹಿಡಿಯಲು ನಾನಿದ್ದೆ. ಎಲ್ಲರಿಗೂ ಅಣ್ಣ ಇರುವುದಿಲ್ಲ.

ಇಂತಿ,
ನಿಮ್ಮ ಆಪ್‌ನ ಪ್ರಕಾರ ಇಂದಿಗೂ ಅಲ್ಲೇ ‘ಚಾರ್ಜ್ ಆಗುತ್ತಿರುವ’ ಗ್ರಾಹಕ,
ಸಂಜು, ರೌಸ್ ಹಿಲ್