ಸೋಮನಿಗೆ ಕೋರೆಹಲ್ಲಿಲ್ಲ

ಹಲಗೂರು
೧೮ ಫೆಬ್ರವರಿ ೧೯೭೯, ಭಾನುವಾರ

ಪ್ರೀತಿಯ ತಮ್ಮ ಸಿದ್ದರಾಮುವಿಗೆ,

ಅಕ್ಕ ಮಲ್ಲಿಗಮ್ಮನ ಆಶೀರ್ವಾದ. ಹೇಗಿದ್ದೀಯಪ್ಪ? ಹಡಗಿನ ಎಂಜಿನ್ ಮನೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೊಕ್ಕೆಗಳು ಮಾಯ್ದವಾ? ಜಪಾನಿನಲ್ಲಿ ಹಿಮ ಬೀಳುತ್ತಿದೆ ಎಂದು ನೀನು ಬರೆದದ್ದೇ ತಪ್ಪಾಯಿತು, ಅವ್ವ ನೀರೊಲೆಗೆ ಸೌದೆ ಇಡುವಾಗಲೆಲ್ಲ 'ಮಗ ಚಳಿಗೆ ಏನ್ ಮಾಡ್ತಾನೋ' ಅಂತ ಶುರು ಮಾಡುತ್ತಾಳೆ. ನಾನು ಹೆಣೆದು ಕಳಿಸಿದ ಸ್ವೆಟರನ್ನು ದಿನಾ ಹಾಕಿಕೋ. ತೋಳು ಉದ್ದವಾಯಿತು ಎಂದು ಬರೆದಿದ್ದೀಯಲ್ಲ, ಮಳವಳ್ಳಿ ಹೈಸ್ಕೂಲಿನ ಹೊಲಿಗೆ ಟೀಚರಿಗೇ ತಪ್ಪು ಹುಡುಕುವಷ್ಟು ದೊಡ್ಡವನಾದೆಯಾ? ಮಡಚಿಕೋ. ಅವ್ವನ ಮಂಡಿನೋವು ಇದ್ದ ಹಾಗೇ ಇದೆ. ಅಪ್ಪ ಚೆನ್ನಾಗಿದ್ದಾರೆ ಎಂದು ಬರೆಯಬೇಕಂತೆ, ಅಪ್ಪನೇ ಹೇಳಿದ್ದಾರೆ. ಅದಕ್ಕೇ ಬರೆದಿದ್ದೇನೆ.

ನಿನ್ನ ಕಾಗದವನ್ನು ಹೋದ ಭಾನುವಾರ ಜಗಲಿಯ ಮೇಲೆ ಕೂತು ಇಬ್ಬರಿಗೂ ಓದಿ ಹೇಳಿದೆ. ಕೋಬೆ ಬಂದರಿನ ಹತ್ತಿರ ನಿನಗೆ ಸ್ನೇಹವಾಗಿರುವ ಆ ಜಪಾನಿನವನು ಮಾಡುತ್ತಿರುವ ಆಟದ ಪೆಟ್ಟಿಗೆಯನ್ನು ವಿವರಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಟೆಲಿವಿಷನ್ನನ್ನೇ ಕಣ್ಣಾರೆ ಕಾಣದವಳು ನಾನು. ಗಾಜಿನ ಮೇಲೆ ಬೊಂಬೆಗಳು ಓಡಾಡುತ್ತವೆ, ನಾಣ್ಯ ಹಾಕಿ ಗುಂಡಿ ಒತ್ತಿದರೆ ಅವಕ್ಕೆ ಏಟು ಬೀಳುತ್ತದೆ, ಸತ್ತವು ಮತ್ತೆ ಬರುತ್ತವೆ ಎಂದೆ. ಅಪ್ಪ ಬೀಡಿ ಕೆಳಗಿಟ್ಟು, 'ಟೆಂಟ್ ಸಿನಿಮಾದಾಗೆ ಪರದೆಗೆ ಕಲ್ಲು ಎಸ್ದಂಗಾ?' ಅಂದರು. ಹೌದು ಅಂದೆ. ಇನ್ನೇನು ಹೇಳಲಿ?

ಅವನು ಎಲ್ಲ ದೇಶಗಳ ದೇವರು ದೆವ್ವಗಳನ್ನು ಆ ಪೆಟ್ಟಿಗೆಯೊಳಗೆ ತುಂಬುತ್ತಿದ್ದಾನೆಂದು ನೀನು ಚೌಕುಳಿ ಕಾಗದದ ಚಿತ್ರಗಳನ್ನು ಕಳಿಸಿದ್ದೀಯಲ್ಲ, ಅವು ಮಾತ್ರ ನನಗೆ ತಕ್ಷಣ ಅರ್ಥವಾದವು. ನಮ್ಮ ಹುಡುಗಿಯರು ಕ್ರಾಸ್ ಸ್ಟಿಚ್ಚಿನಲ್ಲಿ ಗಿಳಿ ಹಾಕಲು ಒಂದೊಂದೇ ಮನೆ ತುಂಬುವುದೂ ಹೀಗೆಯೇ. ಗ್ರೀಸಿನ ಎತ್ತಿನ ತಲೆಯವನು, ಈಜಿಪ್ಟಿನ ನರಿ ಮುಖದವನು, ತಲೆಯ ಮೇಲೆ ನೀರಿನ ಬಟ್ಟಲು ಹೊತ್ತ ಜಪಾನಿನ ಕೆರೆಯ ಭೂತ, ಎಲ್ಲರನ್ನೂ ಜಗಲಿಯ ಮೇಲೆ ಸಾಲಾಗಿ ಹರಡಿದೆ. ಕೂದಲೆಲ್ಲ ಹಾವಾಗಿರುವ ಹೆಂಗಸಿನ ಚಿತ್ರ ಬಂದಾಗ ಅವ್ವ ಏನು ಮಾಡಿದಳು ಗೊತ್ತಾ? ಸೆರಗು ಸರಿಮಾಡಿಕೊಂಡು ಕೈ ಮುಗಿದಳು. 'ಯಾವೂರ ಅಮ್ಮನೋ ಏನೋ, ನೆಲದ ಮ್ಯಾಲೆ ಯಾಕ್ ಇಟ್ಟೆ? ಎತ್ತು ಮೊದ್ಲು' ಎಂದು ನನಗೇ ಗದರಿದಳು. ಈಗ ಆ ಚಿತ್ರ ದೇವರ ಗೂಡಿನಲ್ಲಿದೆ. ನಕ್ಕುಬಿಟ್ಟೆ. ಆದರೆ ಆಮೇಲೆ ಯೋಚಿಸಿದಷ್ಟೂ ಅವ್ವನೇ ಸರಿ ಅನ್ನಿಸುತ್ತಿದೆ. ಅವಳನ್ನು ರಾಕ್ಷಸಿ ಎಂದು ಆ ಪಟ್ಟಿಗೆ ಸೇರಿಸುವ ಮೊದಲು ಅವಳ ಊರಿನವರನ್ನು ಯಾರಾದರೂ ಕೇಳಿದ್ದರಾ?

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಇಂಡಿಯಾದ ರಾಕ್ಷಸನೊಬ್ಬ ಬೇಕೆಂದು ಅವನು ಕೇಳಿದ, ಮಾರಮ್ಮನ ಹಬ್ಬದಲ್ಲಿ ಅಪ್ಪ ತಲೆಯ ಮೇಲೆ ಹೊತ್ತು ಕುಣಿಯುವ ನಮ್ಮ ಸೋಮನ ಮುಖವನ್ನು ಕೊಡುತ್ತೇನೆಂದು ನೀನು ಒಪ್ಪಿಕೊಂಡೆ, ಮದ್ದೂರಿನ ಸ್ಟುಡಿಯೋದವನನ್ನು ಕರೆಸಿ ಮುಖವಾಡದ ಫೋಟೋ ತೆಗೆಸಿ ಕಳಿಸು ಎಂದು ನನಗೆ ಬರೆದೆ. ಗುರುತಿಗೆ ಇರಲಿ ಎಂದು ನೀನೇ ಬರೆದ ಚಿತ್ರವನ್ನೂ ನೋಡಿದೆ. ಗೂಳಿಯ ಹಾಗೆ ಕಣ್ಣು, ಗಲ್ಲಕ್ಕೆ ಇಳಿದ ಕೋರೆಹಲ್ಲು! ಲೋ, ಸೋಮನಿಗೆ ಕೋರೆಹಲ್ಲು ಎಲ್ಲಿದೆಯೋ? ದಪ್ಪ ಮೀಸೆ, ಕೆಂಪು ಬಣ್ಣ, ಅಗಲವಾದ ಕಣ್ಣು, ತುಟಿಯ ನಡುವೆ ಸಾಲು ಹಲ್ಲು, ಅಷ್ಟೇ. ಮನೆಬಾಗಿಲಲ್ಲಿ ತಂಬಿಗೆ ಹಿಡಿದು ವರ್ಷಾ ವರ್ಷಾ ಅವನ ಕಾಲಿಗೆ ನೀರು ಹಾಕಿದವಳು ನಾನು, ನನಗೆ ಗೊತ್ತು. ನಿನಗೆ ಹೇಗೆ ಗೊತ್ತಿರಬೇಕು ಪಾಪ? ಸೋಮ ಹೊತ್ತವರಿಗೆ ದಾರಿ ಸರಿಯಾಗಿ ಕಾಣುವುದಿಲ್ಲ ಎಂದು ನಡೆಯಲು ಕಲಿತಾಗಿನಿಂದ ನೀನು ಅಪ್ಪನ ಬೆನ್ನ ಹಿಂದೆ, ಮುಖವಾಡಕ್ಕೆ ಕಟ್ಟಿ ಇಳಿಬಿಟ್ಟ ಸೀರೆಯ ತುದಿ ಹಿಡಿದು, ಎಡಕ್ಕೆ ಬಲಕ್ಕೆ ಎಳೆಯುತ್ತ ನಡೆದವನು. ಊರಿಗೆಲ್ಲ ಮುಖ ಕಂಡರೆ ನಿನಗೆ ಕಂಡದ್ದು ಬೆನ್ನು. ಕುಣಿತ ಮುಗಿದೊಡನೆ ಮುಖಕ್ಕೆ ಬಟ್ಟೆ ಸುತ್ತಿ ಮಾರಮ್ಮನ ಗುಡಿಯ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಮಕ್ಕಳು ಅತ್ತು ಓಡುವುದನ್ನು ಕಂಡು ನೀನು ಹಲ್ಲುಗಳನ್ನು ಊಹಿಸಿಕೊಂಡಿದ್ದೀಯ.

ಆದರೆ ಒಳಗನ್ನು ನೀನು ಕಂಡಿದ್ದೀಯ, ಅದು ನಾನು ಕಾಣದ್ದು. ಒಂದು ಸಲ ಗುಡಿಯಲ್ಲಿ ಯಾರೂ ಇಲ್ಲದಾಗ ಮುಖದ ಬಟ್ಟೆ ಬಿಚ್ಚದೆಯೇ ತಲೆ ತೂರಿಸಿ, ಮುಖವಾಡ ಹೆಗಲಿಗೇ ಜಾರಿ, ಕಿರುಚಾಡಿ, ಅಪ್ಪನ ಕೈಲಿ ಏಟು ತಿಂದೆಯಲ್ಲ? ಜಾರದೆ ಇನ್ನೇನಾಗುತ್ತದೆ? ಒಳಗಿನ ಬಟ್ಟೆಯ ಸಿಂಬೆ ಅಪ್ಪನ ತಲೆಗೆಂದು ಹೊಲಿದದ್ದು. ತಾತ ಸೋಮನನ್ನು ಇಳಿಸಿದ ವರ್ಷ ಅಜ್ಜಿ ಅಪ್ಪನ ತಲೆಗೆ ದಾರ ಸುತ್ತಿ, ಕೂಡಿದ ಕಡೆ ಗಂಟು ಹಾಕಿ, ಆ ಅಳತೆಗೆ ಹೊಸ ಸಿಂಬೆ ಹೊಲಿದಳು. ಹೊರುವವರು ಬದಲಾದಾಗ ಮಾತ್ರ ನಮ್ಮ ಮನೆಯಲ್ಲಿ ಆ ದಾರ ತೆಗೆಯುತ್ತಾರೆ.

ನಿನ್ನ ಬೇಡಿಕೆಯನ್ನು ಅಪ್ಪನಿಗೆ ಹೇಳುವಾಗ ನಾನು ಬೈಗುಳಕ್ಕೆ ತಯಾರಾಗಿದ್ದೆ. ಬೈಯಲಿಲ್ಲ. 'ಅಲ್ಲಿ ಅವ್ನು ಏನ್ ಮಾಡ್ತಾನೆ?' ಎಂದು ಕೇಳಿದರು. ಮೇಲಿನಿಂದ ಇಳಿದು ಬರುತ್ತಾನೆ, ಜನ ಹೊಡೆಯುತ್ತಾರೆ ಅಂದೆ. 'ಊರ್ ಕಾಯೋನ್ನ ಯಾಕವ್ವ ಒಡೀತಾರೆ?' ಅಂದರು. ಮತ್ತೆ ಅವರೇ, 'ಓಗ್ಲಿ ಬುಡು. ಅಲ್ಲಿ ಅವ್ನನ್ನ ಹೊರೋರ್ ಯಾರಂತೆ?' ಎಂದರು. ಯಾರೂ ಇಲ್ಲಪ್ಪ, ಕರೆಂಟಿನಲ್ಲಿ ತಾನೇ ನಡೆಯುತ್ತಾನೆ ಅಂದೆ. 'ಹೊರೋರಿಲ್ದೆ ಸೋಮ ಏಳಾಕಿಲ್ಲ ಕಣವ್ವ. ಬರೀ ಮರ ಅದು' ಅಂದರು. ಹಾಗೆಂದವರು ಕೆಮ್ಮಲು ಶುರು ಮಾಡಿದರು.

ಇಷ್ಟು ಹೇಳಿದ ಮೇಲೆ ಮುಚ್ಚಿಡಲಾರೆ. ಸಂಕ್ರಾಂತಿಯ ಹಿಂದೆ ಮುಂದೆ ಅಪ್ಪ ಮುಖವಾಡಕ್ಕೆ ಎಣ್ಣೆ ಸವರಲು ಗುಡಿಗೆ ಹೋಗಿದ್ದರು. ಪೆಟ್ಟಿಗೆಯಿಂದ ಎತ್ತಿದವರು ಎದೆಯ ಮಟ್ಟಕ್ಕೆ ತರಲಾರದೆ ಅಲ್ಲೇ ಕೂತುಬಿಟ್ಟರಂತೆ. ಮಂಡ್ಯದ ಡಾಕ್ಟರು ಭಾರ ಎತ್ತಕೂಡದು, ಕುಣಿಯುವುದಂತೂ ಕೂಡದು ಎಂದಿದ್ದಾರೆ. ಯುಗಾದಿ ಕಳೆದ ಮೇಲೆ ಮಾರಮ್ಮನ ಹಬ್ಬಕ್ಕೆ ಸೋಮ ಏಳಬೇಕು. ನಮ್ಮ ಮನೆಯವರೇ ಹೊರಬೇಕು, ಹೆಣ್ಣಾದ ನನ್ನನ್ನು ಮುಟ್ಟಲೂ ಬಿಡುವುದಿಲ್ಲ. ನನಗೆ ಅದಕ್ಕೆ ಸಿಟ್ಟಿದೆ, ಅದು ಬೇರೆ ಮಾತು. ನಿನಗೆ ತಿಳಿಸುತ್ತೇನೆಂದರೆ ಅಪ್ಪ 'ಅವ್ನ ಪಾಡಿಗೆ ಅವ್ನು ದುಡೀಲಿ, ಬರೀಬ್ಯಾಡ' ಎನ್ನುತ್ತಾರೆ. ಹಾಗೆನ್ನುತ್ತಲೇ ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದರೆ ತಲೆ ಎತ್ತಿ ನೋಡುತ್ತಾರೆ.

ಫೋಟೋ ಕಳಿಸುತ್ತಿಲ್ಲ. 'ಬರೀ ಮೊಕ ಬ್ಯಾಡ, ಹೊತ್ತೋನ ಕಾಲೂ ಕಾಣ್ಬೇಕು. ಅಂಗಾದ್ರೆ ಬರ್ಕೊಡು' ಎಂದು ಅಪ್ಪ ಹೇಳಿದ್ದರಿಂದ ನಾನೇ ಚೌಕುಳಿ ಕಾಗದದ ಮೇಲೆ ಮನೆ ತುಂಬಿ ಬರೆದಿದ್ದೇನೆ. ಕೆಂಪು ಮುಖ, ಕಪ್ಪು ಮೀಸೆ, ಸೀರೆಯ ಅಂಚಿನ ಕೆಳಗೆ ಧೂಳು ಮೆತ್ತಿದ ಎರಡು ಕಾಲು. ಬೆನ್ನ ಹಿಂದೆ ಸೀರೆಯ ತುದಿ ಹಿಡಿದ ಒಬ್ಬ ಹುಡುಗನೂ ಇದ್ದಾನೆ. ಆಟದಲ್ಲಿ ಇವನನ್ನು ಊರ ಗಡಿಯಲ್ಲಿ ನಿಲ್ಲಿಸಲಿ, ಹೊಡೆಯಲು ಬಂದವರನ್ನು ಇವನು ಓಡಿಸಲಿ ಎಂದು ನಿನ್ನ ಸ್ನೇಹಿತನಿಗೆ ಹೇಳು. ಆಗದಿದ್ದರೆ ಚಿತ್ರವನ್ನು ಹಿಂದಕ್ಕೆ ಇಸಿದುಕೋ. ಎತ್ತಿನ ತಲೆಯವನಿಗೂ ಕಾಲು ಬರೆಯಲು ಹೇಳು, ಅವನನ್ನೂ ಒಂದು ಕಾಲಕ್ಕೆ ಯಾರೋ ಹೊತ್ತಿರಬೇಕು.

ವೇಳೆಗೆ ಸರಿಯಾಗಿ ಊಟ ಮಾಡು. ಅವ್ವ ಹುರುಳಿ ಹಪ್ಪಳ ಕಳಿಸಬೇಕೆಂದು ಹಟ ಹಿಡಿದಿದ್ದಾಳೆ, ಜಪಾನಿಗೆ ಹೋಗುವಷ್ಟರಲ್ಲಿ ಹಿಟ್ಟಾಗುತ್ತದೆ ಎಂದರೂ ಕೇಳುತ್ತಿಲ್ಲ. ಅಪ್ಪ ಅವ್ವನ ಹರಕೆ ನಿನ್ನ ಮೇಲಿರಲಿ, ಮಾರಮ್ಮ ನಿನ್ನನ್ನು ನೀರಿನ ಮೇಲೂ ಕಾಯಲಿ.

ನಿನ್ನ ಅಕ್ಕ,
ಮಲ್ಲಿಗಮ್ಮ

ಇನ್ನೊಂದು ಮಾತು: ಲಕೋಟೆ ಅಂಟಿಸಬೇಕೆನ್ನುವಾಗ ಅಪ್ಪ ಬಂದರು. ನನ್ನ ಹೊಲಿಗೆ ಡಬ್ಬಿಯಿಂದ ಬಿಳಿ ದಾರ ಎಳೆದು, ಹಲ್ಲಿನಲ್ಲಿ ಕಡಿದು, ಕಾಗದದ ಮಡಿಕೆಯೊಳಗೆ ಇಟ್ಟುಹೋದರು. ಅದು ಒಳಗಿದೆ, ಬೀಳಿಸಿಬಿಡಬೇಡ. ಹಬ್ಬಕ್ಕೆ ಬರುವುದಾದರೆ ತಲೆಗೆ ಸುತ್ತಿ, ಕೂಡಿದ ಕಡೆ ಗಂಟು ಹಾಕಿ ಕೂಡಲೇ ಕಳಿಸು, ನೀನು ಬರುವಷ್ಟರಲ್ಲಿ ಸಿಂಬೆ ಹೊಲಿದಿಟ್ಟಿರುತ್ತೇನೆ. ಬರಲಾಗದಿದ್ದರೆ ಕಾರಣ ಬರೆಯುವುದು ಬೇಡ. ಗಂಟು ಹಾಕದೆ ದಾರವನ್ನು ಹಾಗೇ ಕಳಿಸು, ಅಪ್ಪನಿಗೆ ಓದಲು ಬರದಿದ್ದರೂ ಅದು ತಿಳಿಯುತ್ತದೆ.